ಡ್ರಮ್ಮುಗಳು ತಾವೇ ಉರುಳಿದ ಮಳೆಗಾಲ

ಕಳೆದ ತಿಂಗಳು ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಬಣ್ಣ ಹೊಡೆಸಬೇಕೆಂದು ಗಂಡನ ಜೊತೆ ಬಣ್ಣದ ಅಂಗಡಿಗೆ ಹೋಗಿದ್ದೆ. ಪಡಸಾಲೆಯ ಗೋಡೆಗೆ ಯಾವ ಬಣ್ಣ ಎಂಬ ಜಗಳ ದಾರಿಯಲ್ಲೇ ಮುಗಿದಿತ್ತು, ಎಂದಿನಂತೆ ನಾನೇ ಗೆದ್ದಿದ್ದೆ. ಅಂಗಡಿಯವನು ದೊಡ್ಡ ಡಬ್ಬಿಯೊಳಗೆ ನಾಲ್ಕು ಹನಿ ಬಣ್ಣ ಬಿಟ್ಟು, ಮುಚ್ಚಳ ಬಡಿದು, ಅದನ್ನು ಯಂತ್ರದೊಳಗಿಟ್ಟು ಗುಂಡಿ ಒತ್ತಿದ. ಡಬ್ಬಿ ಗಡಗಡ ತಿರುಗತೊಡಗಿತು.  ಏನೂ ಹೇಳದೆ ಹೊರಗೆ ಬಂದು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ.

ಗಂಡ ಹಿಂದೆಯೇ ಓಡಿ ಬಂದರು. "ಏನಾತು? ಮಾರಿ ಯಾಕ ಹಿಂಗ ಬೆಳ್ಳಗಾಗೇದ?"

"ಏನಿಲ್ರಿ, ವಾಸನಿಗೆ ತಲಿ ತಿರಗಿದಂಗಾತು," ಎಂದೆ.

ಅದು ಸುಳ್ಳು. ಆ ಮಳೆಗಾಲದ ವಿಷಯದಲ್ಲಿ ನಾನು ಮೊದಲಿನಿಂದಲೂ ಅರ್ಧ ಹೇಳುತ್ತಾ, ಅರ್ಧ ನುಂಗುತ್ತಾ ಬಂದವಳು. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಶಿವಬಸವ ನಗರದಲ್ಲಿ ಅವ್ವನ ಜೊತೆ ಇದ್ದೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಖಾನಾಪುರದ ಹೊರಗಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗಾವಿಯ ಎರಕ ಹೊಯ್ಯುವ ಫೌಂಡ್ರಿಗಳಿಗೆ ಬೇಕಾದ ಸಾಮಾನು ಅಲ್ಲಿಂದ ಹೋಗುತ್ತಿತ್ತು. ಮರಳಿನ ಅಚ್ಚಿನ ಒಳಮೈಗೆ ಬಳಿಯುವ ಸ್ಪಿರಿಟ್ಟಿನ ಬಣ್ಣ, ಮರಳನ್ನು ಗಟ್ಟಿಯಾಗಿ ಹಿಡಿಯುವ ರಾಳ, ಆ ರಾಳಕ್ಕೆ ಬೆರೆಸುವ ಹಾರ್ಡನರ್, ಎಲ್ಲವೂ ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮುಗಳಲ್ಲಿ. ಯಾವ ಡ್ರಮ್ಮು ಎಂದು ಬಂತು, ಎಲ್ಲಿ ನಿಂತಿದೆ, ಎಂದು ಹೋಗಬೇಕು ಎಂಬುದೆಲ್ಲ ನನ್ನ ಕಂಪ್ಯೂಟರಿನಲ್ಲಿ ಇರಬೇಕು. ಇಪ್ಪತ್ತಮೂರು ವರ್ಷಕ್ಕೆ ಅದೊಂದು ರಾಜ್ಯಭಾರ ಎಂದುಕೊಂಡಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಆ ಬಣ್ಣಕ್ಕೆ ಒಂದು ಕೆಟ್ಟ ಚಾಳಿ. ಹದಿನೈದು ದಿನ ನಿಂತರೆ ಸಾಕು, ಪುಡಿಯೆಲ್ಲ ತಳಕ್ಕಿಳಿದು ಹೆಂಟೆಯಾಗುತ್ತದೆ, ಮೇಲೆ ಬರೀ ಸ್ಪಿರಿಟ್ಟು. ಅದಕ್ಕೆ ಡ್ರಮ್ಮನ್ನು ಮಲಗಿಸಿ ಉರುಳಿಸಬೇಕು. ಯಲ್ಲಪ್ಪ ಕಾಕಾ ಮತ್ತು ಇನ್ನಿಬ್ಬರು ವರ್ಷಗಟ್ಟಲೆ ಅದನ್ನು ಕಾಲಿನಿಂದಲೇ ಮಾಡುತ್ತಾ ಬಂದಿದ್ದರು. ಗೇಟಿನಿಂದ ತೂಕದ ಕಟ್ಟೆಯವರೆಗೆ ಹೋಗುವುದು, ತಿರುಗಿ ಬರುವುದು, ಹೀಗೆ ನಲವತ್ತು ಸಲ.

ಯಲ್ಲಪ್ಪ ಕಾಕಾ ಕಣಕುಂಬಿ ಕಡೆಯವರು. ಮನೆತನದಿಂದ ಎಮ್ಮೆ ಕಾಯುವವರು, ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ದಿನಾ ಮೊದಲ ಬಸ್ಸಿಗೆ ಬಂದು ಏಳು ಗಂಟೆಗೆ ಗೇಟು ತೆಗೆಯುವವರು ಅವರೇ. ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡವರಾದರೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು. ಅವರ ಇನ್ನೊಂದು ಕೆಲಸ ಬೂಚಿನದು. ಅಂಗಳದ ಬಿಸಿಲಿಗೆ ಡ್ರಮ್ಮುಗಳು ಉಬ್ಬಬಾರದೆಂದು ಮೇ ತಿಂಗಳಲ್ಲಿ ಒಂದೊಂದರ ತಲೆಯ ಮೇಲಿನ ಸಣ್ಣ ತಿರುಪು ಬೂಚನ್ನೂ ಅರ್ಧ ಸುತ್ತು ಸಡಿಲಿಸುತ್ತಿದ್ದರು. "ಉಸರ ಆಡ್ಲಿ ಬಿಡ್ರಿ," ಎನ್ನುತ್ತಿದ್ದರು. ಜೂನಿನಲ್ಲಿ ಮೃಗಶಿರೆಯ ಮಳೆ, ನಮ್ಮ ಕಡೆಯ ಮಿರಗ, ಕೂಡುವ ಹಿಂದಿನ ದಿನ ಬೂಚು ತಿರುಗಿಸುವ ಪಾನಾ ಹಿಡಿದು ಮತ್ತೆ ಸುತ್ತು ಹಾಕುವರು. ಬೂಚು ತೆಗೆದು ಉದ್ದನೆಯ ಕಡ್ಡಿ ಇಳಿಸಿ, ಅದರ ತುದಿ ನೋಡಿ, ಆಮೇಲೆ ಬಿಗಿ ಮಾಡುವರು. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ ಅದು. ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಆ ವರ್ಷ ಮಿರಗದ ಹಿಂದಿನ ದಿನವೇ ಉರುಳಿಸುವ ಯಂತ್ರ ಬಂತು. ಲಾರಿಯಿಂದ ಇಳಿಸಲು ಕೈ ಸಾಲದೆ ನಾನು ಕಾಕಾನನ್ನು ಕೂಗಿದೆ. ಅವರು ಅಂಗಳದಲ್ಲಿ ಅರ್ಧ ಸಾಲು ಮುಗಿಸಿದ್ದರು.

"ಇನ್ನ ಹಾರ್ಡನರ್ ನಾಕು ಡ್ರಮ್ ಉಳದಾವ್ರಿ ಅಕ್ಕಾರ."

"ಬೂಚ ಎಲ್ಲಿ ಓಡಿ ಹೊಕ್ಕಾವ ಕಾಕಾ? ನಾಳೆ ಮಾಡೂಣಂತ, ಮೊದಲ ಬರ್ರಿ ಇಲ್ಲೆ."

ಮರುದಿನ ಮಳೆ ಶುರುವಾಯಿತು. ಒಳಗೆ ಜಾಗವಿರಲಿಲ್ಲ. ನಾಲ್ಕೂ ಡ್ರಮ್ಮಿನ ಮೇಲೆ ತಾಡಪತ್ರಿ ಎಳೆದು ನಾನು ಮರೆತೆ.

ಯಂತ್ರದ ಸಂಭ್ರಮ ಹಾಗಿತ್ತು. ಉದ್ದಕ್ಕೆ ಎರಡು ರಬ್ಬರಿನ ಉರುಳೆ, ಅದರ ಮೇಲೆ ಸಾಲಾಗಿ ನಾಲ್ಕು ಡ್ರಮ್ಮು ಮಲಗುವ ಜಾಗ, ಸುತ್ತ ತಂತಿಯ ಜಾಳಿಗೆ, ಬದಿಗೆ ಒಂದು ಪೆಟ್ಟಿಗೆ, ಅದರ ಮೇಲೆ ನಿಲ್ಲಿಸುವ ಕೆಂಪು ಗುಂಡಿ. ಸಂಜೆ ಡ್ರಮ್ಮು ಏರಿಸಿ ಹೊತ್ತು ಹೇಳಿ ಹೋದರಾಯಿತು, ಬೆಳಿಗ್ಗೆ ಏಳಕ್ಕೆ ತಾನೇ ಶುರು, ಹನ್ನೊಂದಕ್ಕೆ ತಾನೇ ಬಂದ್. ಶುರುವಾದದ್ದು ನನ್ನ ಮೊಬೈಲಿಗೆ ಬರುತ್ತಿತ್ತು. ನಮ್ಮ ವ್ಯವಸ್ಥಾಪಕ ದೇಸಾಯಿ ಸಾಹೇಬರು ಬೆಳಗಾವಿಯ ಕಚೇರಿಯಲ್ಲಿ ಕೂತು ಒಂದು ನಿಯಮವನ್ನೂ ಕಂಪ್ಯೂಟರಿಗೆ ಹಾಕಿಸಿದರು. ಹದಿನೈದು ದಿನ ನಿಂತ ಯಾವ ಡ್ರಮ್ಮಾದರೂ ಸರಿ, ಉರುಳಲೇಬೇಕು. ಹಾರ್ಡನರ್ ತಳಕ್ಕಿಳಿಯುವ ವಸ್ತುವಲ್ಲ, ಅದನ್ನು ಉರುಳಿಸಬೇಕಾಗಿಲ್ಲ ಎಂದು ಆ ನಿಯಮಕ್ಕೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಹಾರ್ಡನರಿಗೆ ನೀರು ಸೇರಿದರೆ ಗ್ಯಾಸು ಹುಟ್ಟುತ್ತದೆ, ಬಿಗಿದ ಡ್ರಮ್ಮಿನಲ್ಲಿ ಆ ಗ್ಯಾಸಿಗೆ ದಾರಿಯಿಲ್ಲ ಎಂಬುದೂ ನನಗೆ ಗೊತ್ತಿತ್ತು. ಡ್ರಮ್ಮಿನ ಮೇಲೇ ಬರೆದಿತ್ತು.

ಖಾನಾಪುರದ ಮಳೆ ಬೆಳಗಾವಿಯ ಮಳೆಯಲ್ಲ. ಮೂರು ವಾರ ಸೂರ್ಯನ ಮುಖ ಕಾಣಲಿಲ್ಲ. ಛಾವಣಿಯ ಪತ್ರಾಸಿನ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದಲ್ಲಿದ್ದವರಿಗೂ ಕೂಗಿ ಹೇಳಬೇಕಾಗುತ್ತಿತ್ತು. ಒಂದು ಸಂಜೆ ಯಂತ್ರದಲ್ಲಿ ಮೂರು ಬಣ್ಣದ ಡ್ರಮ್ಮು ಮಲಗಿದ್ದವು, ನಾಲ್ಕನೆಯ ಜಾಗ ಖಾಲಿ. ಕಂಪ್ಯೂಟರಿನಲ್ಲಿ ಹಾರ್ಡನರಿನ ನಾಲ್ಕೂ ಡ್ರಮ್ಮು ಅವಧಿ ಮೀರಿವೆಯೆಂದು ಕೆಂಪಗೆ ಕಾಣುತ್ತಿದ್ದವು. ಆ ಕೆಂಪು ಒಂದಾದರೂ ಹೋಗಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಕಾಕಾ ಗಾಳಿಗೆ ಹರಿದಿದ್ದ ತಾಡಪತ್ರಿ ಸರಿಸಿದರು. ಮೊದಲ ಡ್ರಮ್ಮಿನ ತಲೆಯ ಮೇಲೆ ಅಂಚಿನವರೆಗೆ ನೀರು ನಿಂತಿತ್ತು. ಅದನ್ನು ಅಂಗೈಯಿಂದ ಬಳಿದು ಚೆಲ್ಲಿ, ಬೂಚು ಮುಟ್ಟಿ ನೋಡಿದರು.

"ಅಕ್ಕಾರ, ಬೂಚ ಸಡಲ ಐತಿ. ಕಡ್ಡಿ ಇಳಿಸಿ ನೋಡೂಣೇನ್ರಿ? ಖರೇ ಹೇಳ್ಬೇಕಂದ್ರ ಇದನ್ನ ನಾವ ಎಂದೂ ಉಳ್ಳಿಸಿಲ್ರಿ."

"ಕಂಪ್ಯೂಟರ್ ಕೇಳಾಕತ್ತೇತಿ ಕಾಕಾ. ನನ್ನ ಬಸ್ ಹೊಕ್ಕೇತಿ. ಬಿಗಿ ಮಾಡಿ ಏರಿಸಿಬಿಡ್ರಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬಿಗಿ ಮಾಡಿ ಏರಿಸಿದರು. ನನಗೆ ಬಸ್ಸು ಸಿಕ್ಕಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಮೊಬೈಲು ಗುಂಯ್ ಎಂದಿತು, ಯಂತ್ರ ಶುರುವಾಗಿತ್ತು. ನಾನು ತಿಂಡಿ ತಿಂದು, ಏಳೂವರೆಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತೆ. ಊರು ದಾಟುವಾಗ ತೊಡೆಯ ಮೇಲೆ ತಣ್ಣಗೆ ಏನೋ ತಾಗಿತು. ಕಿಟಕಿ ಭದ್ರವಾಗಿ ಮುಚ್ಚಿತ್ತು. ಆದರೂ ಗಾಜಿನ ಸಂದಿಯಿಂದ ಒಂದೊಂದೇ ಹನಿ ಒಳಗೆ ಇಳಿಯುತ್ತಿತ್ತು. ಆ ಹನಿಯನ್ನು ನೋಡುತ್ತಾ ನೋಡುತ್ತಾ ನನಗೆ ಡ್ರಮ್ಮಿನ ತಲೆಯ ಮೇಲಿನ ನೀರು ಕಂಡಿತು, ಆ ನೀರಿನಡಿಯ ಸಡಿಲ ಬೂಚು ಕಂಡಿತು. ಮೂರು ವಾರ. ಹಗಲಿನ ಅಷ್ಟಿಷ್ಟು ಶಾಖಕ್ಕೆ ಡ್ರಮ್ಮು ಉಸಿರು ಬಿಟ್ಟಿದೆ, ರಾತ್ರಿಯ ತಂಪಿಗೆ ಒಳಗೆಳೆದುಕೊಂಡಿದೆ. ಎಳೆದುಕೊಂಡದ್ದು ಗಾಳಿಯನ್ನಲ್ಲ. ಅಷ್ಟು ನೀರಿನ ಮೇಲೆ ಬೂಚು ಬಿಗಿದು, ನೀರೂ ಹಾರ್ಡನರೂ ಚೆನ್ನಾಗಿ ಬೆರೆಯಲೆಂದು ನಾನೇ ಅದನ್ನು ಯಂತ್ರಕ್ಕೆ ಏರಿಸಿದ್ದೆ. ಅದರ ಪಕ್ಕದಲ್ಲಿ ಮೂರು ಡ್ರಮ್ಮು ಸ್ಪಿರಿಟ್ಟು. ಅಲ್ಲಿ ಈಗ ಯಲ್ಲಪ್ಪ ಕಾಕಾ ಒಬ್ಬರೇ.

 ಕಾಕಾನ ನಂಬರಿಗೆ ಫೋನು ಹಚ್ಚಿದೆ, ರಿಂಗಾಗಿ ರಿಂಗಾಗಿ ನಿಂತಿತು. ಅವರು ಫೋನನ್ನು ಬುತ್ತಿಯ ಚೀಲದಲ್ಲಿ ಹಾಕಿ ಮೊಳೆಗೆ ತೂಗುಹಾಕುವವರು. ಮತ್ತೆ ಹಚ್ಚಿದೆ. ಹನ್ನೊಂದು ಸಲ ಹಚ್ಚಿದೆ. ಮೊಬೈಲಿನಲ್ಲಿ ಯಂತ್ರದ ಚಿತ್ರ ಹಸಿರಾಗಿ ತಿರುಗುತ್ತಲೇ ಇತ್ತು. ನನಗೆ ಅದನ್ನು ನೋಡಲು ಕೊಟ್ಟಿದ್ದರು, ನಿಲ್ಲಿಸಲು ಕೊಟ್ಟಿರಲಿಲ್ಲ. ದೇಸಾಯಿ ಸಾಹೇಬರಿಗೆ ಹೇಳಬಹುದಿತ್ತು. ಹೆಸರನ್ನು ಬೆರಳಿನ ಕೆಳಗೆ ತಂದುಕೊಂಡೆ. ಏನೂ ಆಗಿರದಿದ್ದರೆ ನಗೆಪಾಟಲಾಗುತ್ತೇನೆ, ಆಗಿದ್ದರೆ ಬೈಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿ ಫೋನು ಇಳಿಸಿದೆ. ಒಬ್ಬ ಮನುಷ್ಯನ ಜೀವದ ಎದುರಿಗೆ ಇಂಥ ಲೆಕ್ಕ ಹಾಕಿದವಳು ನಾನು. ಕಂಡಕ್ಟರನ ಹತ್ತಿರ ಹೋಗಿ, "ಅಣ್ಣಾ, ಸ್ವಲ್ಪ ಜೋರ ಹೋಗ್ರಿ," ಎಂದೆ.

"ಮಳಿ ನೋಡ್ರಿ ಅಕ್ಕಾರ. ಎಲ್ಲಾರೂ ಮನಿ ಮುಟ್ಟಬೇಕಲ್ರಿ, ಕುಂದರ್ರಿ," ಎಂದ.

ಇಳಿದವಳು ಕೊಡೆ ಬಿಚ್ಚದೆ ಓಡಿದೆ. ಗೇಟು ತೆರೆದಿತ್ತು. ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದರೆ, ಯಂತ್ರ ತಿರುಗುತ್ತಿತ್ತು. ಮೋಟರಿನ ಬಿಸಿಗೆ ಒದ್ದೆ ರೇನ್‌ಕೋಟು ಒಣಗಲೆಂದು ಜಾಳಿಗೆಗೆ ಹರವಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಂತ್ರಕ್ಕೆ ಬೆನ್ನು ಮಾಡಿ ಕೂತು ಕಾಕಾ ಚಹಾ ಕುಡಿಯುತ್ತಿದ್ದರು. ಅವರ ಬೆನ್ನ ಹಿಂದೆ ನಾಲ್ಕನೆಯ ಡ್ರಮ್ಮಿನ ಚಪ್ಪಟೆ ತಲೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. ಪ್ರತಿ ಸುತ್ತಿಗೂ ಅದು ಜಾಳಿಗೆಗೆ ತಾಗಿ ಟಕ್ ಎನ್ನುತ್ತಿತ್ತು.

"ಕಾಕಾ!" ಎಂದು ಚೀರಿದೆ. ಪತ್ರಾಸಿನ ಮೇಲಿನ ಮಳೆ ನನ್ನ ದನಿಯನ್ನು ನುಂಗಿತು.

ಕೆಂಪು ಗುಂಡಿ ನನ್ನಿಂದ ಇಪ್ಪತ್ತು ಹೆಜ್ಜೆ ದೂರವಿತ್ತು. ನಾನು ಹೋಗಲಿಲ್ಲ. ಕಾಲು ಏಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಲಿಗೆ ಏನೂ ಆಗಿರಲಿಲ್ಲ, ಸಾಯುವ ಭಯ ಅಷ್ಟೆ. ಬಾಗಿಲಿನ ಪಕ್ಕದ ಖಾಲಿ ಡಬ್ಬಿಯನ್ನು ತೆಗೆದು ಅವರ ಕಡೆಗೆ ಎಸೆದೆ. ಅದು ಕುರ್ಚಿಯ ಹತ್ತಿರ ಬಿತ್ತು. ಕಾಕಾ ತಿರುಗಿ ನನ್ನನ್ನು ನೋಡಿದರು, ನನ್ನ ಬೆರಳು ತೋರಿಸಿದ ಕಡೆ ನೋಡಿದರು. ಲೋಟ ಕೆಳಗಿಟ್ಟು, ಎದ್ದು, ಎರಡು ಹೆಜ್ಜೆ ಯಂತ್ರದ ಕಡೆಗೇ ಹೋಗಿ ಕೆಂಪು ಗುಂಡಿ ಒತ್ತಿದರು. ನಿಂತ ಡ್ರಮ್ಮನ್ನು ನೋಡುತ್ತಾ ಗೋಡೆಯ ಮೇಲಿನ ಪಾನಾಕ್ಕೆ ಕೈ ಚಾಚಿದರು. ಬೂಚು ಸಡಿಲಿಸಿ ಉಸಿರು ಬಿಡಿಸುವುದು ಅವರಿಗೆ ಗೊತ್ತಿದ್ದ ಕೆಲಸ.

ಆಗ ಮಾತ್ರ ನಾನು ಒಳಗೆ ಓಡಿದೆ. ಅವರ ತೋಳು ಹಿಡಿದು ಎಳೆದೆ.

"ಬ್ಯಾಡ ಕಾಕಾ, ಬ್ಯಾಡ! ಒಳಗ ನೀರ ಸೇರೇತಿ! ಹೊರಗ ಬರ್ರಿ!"

"ಬಾಜೂಕ ಸ್ಪಿರಿಟ್ ಐತ್ರಿ ಅಕ್ಕಾರ, ಬೆಂಕಿ ಹತ್ತಿದ್ರ ಎಲ್ಲಾ ಹೊಕ್ಕೇತಿ."

"ಹೋಗ್ಲಿ! ಬರ್ರಿ ನೀವು!"

ಗೇಟಿನ ಹತ್ತಿರ ಬಂದು ಅಗ್ನಿಶಾಮಕದವರಿಗೆ ಫೋನು ಹಚ್ಚುತ್ತಿದ್ದಾಗ ಒಳಗೆ ಸಿಡಿಲು ಬಡಿದಂಥ ಸದ್ದಾಯಿತು. ಇಬ್ಬರೂ ನೆಲಕ್ಕೆ ಕೂತೆವು. ಬೆಂಕಿ ಹತ್ತಲಿಲ್ಲ, ಯಾರ ಪುಣ್ಯವೋ. ಬಂದವರು ಮುಖಕ್ಕೆ ಮುಖವಾಡ ಹಾಕಿಕೊಂಡು ಒಳಗೆ ಹೋದರು. ಕಂದು ನೊರೆ ಜಾಳಿಗೆಯನ್ನು ತುಂಬಿ ಹೊರಗೆ ಉಕ್ಕಿತ್ತು. ಕಿತ್ತು ಹಾರಿದ ಡ್ರಮ್ಮಿನ ತಲೆ ಪ್ಲಾಸ್ಟಿಕ್ ಕುರ್ಚಿಯನ್ನು ಎರಡು ತುಂಡು ಮಾಡಿ ಆಚೆ ಗೋಡೆಗೆ ಹೊಡೆದಿತ್ತು. ಬಾಗಿಲಿನಿಂದ ಬಂದ ಘಾಟು ಕಾಕಾನ ಎದೆಗೆ ಹೋಗಿ ಕೆಮ್ಮು ಹತ್ತಿತು.

ಮಧ್ಯಾಹ್ನ ದೇಸಾಯಿ ಸಾಹೇಬರು ಬಂದರು. ಕೇಳಿದ ಮೊದಲ ಪ್ರಶ್ನೆಯೇ, "ಬೂಚ ಯಾರ ಸಡಲ ಮಾಡಿದ್ರು?"

"ನಾನ್ರಿ ಸಾಹೇಬ್ರ," ಎಂದರು ಕಾಕಾ. "ಮೇದಾಗ ದರವರ್ಷ ಮಾಡ್ತೇನ್ರಿ."

"ತಿರಗಿ ಬಿಗಿ ಮಾಡಿಲ್ಲ ಯಾಕ?"

ಕಾಕಾ ನನ್ನ ಕಡೆ ನೋಡಿದರು. ದೂರುವ ನೋಟವೇನಲ್ಲ, ಬಸ್ಸಿನಲ್ಲಿ ಒಬ್ಬರು ಇಳಿಯಲು ಇನ್ನೊಬ್ಬರು ದಾರಿ ಬಿಡುತ್ತಾರಲ್ಲ, ಹಾಗೆ ಮಾತಾಡಲು ನನಗೆ ಜಾಗ ಬಿಟ್ಟರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಸಾಹೇಬರು ಕಾಕಾನಿಂದ ಕೀಲಿ ಇಸಿದುಕೊಂಡು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದರು. "ಉಳದ ಮೂರೂ ಡ್ರಮ್ಮಿನ ಬೂಚ ಈಗಿಂದೀಗ ಬಿಗಿ ಮಾಡಸ್ರಿ ಸುಜಾತಾ, ಹಿಂದಿನ ಶೆಡ್ಡಿನ್ಯಾಗ ಇಡಸ್ರಿ," ಎಂದು ನನಗೆ ಹೇಳಿದರು.

ಕಡ್ಡಿ ಇಳಿಸಿ ನೋಡದೆ ಬಿಗಿ ಮಾಡಬಾರದು ಎಂದು ನನಗೆ ಆಗ ಚೆನ್ನಾಗಿ ಗೊತ್ತಿತ್ತು. ಹೇಳಿದರೆ, ಮೊದಲ ಡ್ರಮ್ಮಿಗೆ ಯಾಕೆ ಇಳಿಸಲಿಲ್ಲ ಎಂದು ಕೇಳುತ್ತಾರೆ. ಹಾಗಾಗಿ ಸುಮ್ಮನೆ ಬಿಗಿ ಮಾಡಿಸಿದೆ.

ಆಮೇಲಿನ ಮೂರು ದಿನ ನಾನು ಹೇಗೆ ಕಳೆದೆನೋ. ಏನೋ ನೆಪ ಮಾಡಿ ಗಂಟೆಗೊಮ್ಮೆ ಹಿಂದಿನ ಶೆಡ್ಡಿನ ಬಾಗಿಲಿಗೆ ಹೋಗಿ ದೂರದಿಂದಲೇ ಇಣುಕುತ್ತಿದ್ದೆ. ಬೇರೆ ಕೆಲಸಗಾರರು ಆ ಶೆಡ್ಡಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರೆ, "ಅಲ್ಲಿ ಹಾವ ಕಂಡೇತಿ, ಇತ್ಲಾಗ ಬರ್ರಿ," ಎಂದು ಸುಳ್ಳು ಹೇಳಿ ಎಬ್ಬಿಸುತ್ತಿದ್ದೆ. ಮನೆಯಲ್ಲಿ ಅವ್ವ ಕುಕ್ಕರ್ ಸೀಟಿ ಹೊಡೆಸಿದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ಶನಿವಾರ ಸಂಜೆ ನೋಡಿದಾಗ ಮೂರರಲ್ಲಿ ಒಂದರ ತಲೆ ಸ್ವಲ್ಪ ಎದ್ದಂತೆ ಕಂಡಿತು. ಎದ್ದಿತ್ತೋ, ನನ್ನ ಕಣ್ಣೋ, ಹೇಳಲಾರೆ. ಸಾಹೇಬರಿಗೆ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕಣಕುಂಬಿಯ ಬಸ್ಸು ಹತ್ತಿದೆ.

ಕಾಕಾ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಕೆಮ್ಮು ಇನ್ನೂ ಹೋಗಿರಲಿಲ್ಲ. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಗಂಡನ ಕೆಮ್ಮಿನ ಬಗ್ಗೆ ಗೋದಾಮಿನವರನ್ನೆಲ್ಲ ಮರಾಠಿಯಲ್ಲಿ ಬೈದರು. ನನ್ನನ್ನು ಮಾತ್ರ ಬಿಟ್ಟು. ಕಾಕಾ ಮನೆಯಲ್ಲಿ ಏನೂ ಹೇಳಿಲ್ಲ ಎಂದು ಅದರಿಂದಲೇ ತಿಳಿಯಿತು. ಚಹಾದ ಲೋಟವನ್ನು ಹಾಗೇ ಕೆಳಗಿಟ್ಟೆ.

ಕಾಕಾ ಬಂದು ಎದುರಿಗೆ ಕೂತು ಮೊದಲು ಕೇಳಿದ್ದು ಕೀಲಿಯ ಮಾತಲ್ಲ, ಕೆಲಸದ ಮಾತಲ್ಲ.

"ಆ ಮೂರ ಡ್ರಮ್ ಏನ ಮಾಡಿದ್ರಿ ಅಕ್ಕಾರ?"

"ಬಿಗಿ ಮಾಡೇವಿ ಕಾಕಾ."

"ಕಡ್ಡಿ ಇಳಿಸಿ ನೋಡಿದ್ರ್ಯೋ, ಹಂಗ ಮಾಡಿದ್ರ್ಯೋ?"

ನಾನು ಅತ್ತುಬಿಟ್ಟೆ. "ಹಂಗ ಮಾಡೇವ್ರಿ. ಒಂದರ ತಲಿ ಎದ್ದಂಗ ಕಾಣ್ತೇತಿ. ನನಗ ಅಂಜಿಕಿ ಬಂದು ಯಾರಿಗೂ ಹೇಳಿಲ್ಲ."

ಅವರು ಬೈಯಲಿಲ್ಲ. ಗೂಟದಲ್ಲಿದ್ದ ರೇನ್‌ಕೋಟು ತೆಗೆದುಕೊಂಡು, "ನಡೀರಿ, ಬಸ್ಸಿಗೆ ಹೊತ್ತಾತು," ಎಂದರು.

ಅವರ ಮನೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ದಾರಿಯ ಜಾಂಬೋಟಿಯಲ್ಲಿ ಬಸ್ಸು ನಿಂತಾಗ ಎರಡು ಗೆರೆ ಬಂತು. ಇಳಿದು ಸಾಹೇಬರಿಗೆ ಹಚ್ಚಿದೆ. ಮೂರು ಡ್ರಮ್ಮಿನ ವಿಷಯ ಹೇಳಿದೆ, ಅಗ್ನಿಶಾಮಕದವರನ್ನು ಕರೆಸಿ ಎಂದೆ, ಯಲ್ಲಪ್ಪ ಕಾಕಾನನ್ನು ಕರೆದುಕೊಂಡು ಬರುತ್ತಿದ್ದೇನೆ, ಗೇಟು ತೆಗೆಸಿ ಎಂದೆ.

"ಅವನ್ಯಾಕ? ಮಾಡಿದ್ದು ಸಾಲಲಿಲ್ಲೇನು?"

ಕಾಕಾ ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬಸ್ಸಿನ ಕಿಟಕಿಗಳಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. 

"ಅವರದ ತಪ್ಪಲ್ರಿ ಸರ್. ಬಿಗಿ ಮಾಡೂ ದಿವಸ ನಾನ ಅವರನ್ನ ಬಿಡಿಸಿ ಕರದೆ. ಕಡ್ಡಿ ಇಳಿಸಿ ನೋಡೂಣು ಅಂದ್ರು, ನಾನ ಬ್ಯಾಡ ಅಂದೆ. ಏರಸ್ರಿ ಅಂದಾಕಿ ನಾನ."

ಸಾಹೇಬರು "ಗೇಟಿನ ಹೊರಗ ನಿಂದರ್ರಿ, ಇಬ್ಬರೂ. ನಾ ಬರೂತನಕ ಒಳಗ ಹೋಗಬ್ಯಾಡ್ರಿ," ಎಂದರು.

ಮಧ್ಯಾಹ್ನ ಎರಡರ ಸುಮಾರಿಗೆ ಅಗ್ನಿಶಾಮಕದವರು ಶೆಡ್ಡಿನ ಪತ್ರಾಸು ಬಿಚ್ಚಿ ಗಾಳಿಗೆ ದಾರಿ ಮಾಡಿದರು. ದೂರದಿಂದ ನೀರು ಬಿಟ್ಟು ಡ್ರಮ್ಮುಗಳ ಮೈ ತಂಪು ಮಾಡಿದರು. ಕಾಕಾ ಗೇಟಿನಲ್ಲಿ ನಿಂತೇ ಬೂಚನ್ನು ಎಷ್ಟು ಸುತ್ತು, ಯಾವ ಕಡೆ, ಯಾವಾಗ ನಿಲ್ಲಿಸಬೇಕು ಎಂದು ಹೇಳಿಕೊಟ್ಟರು. ಮುಖವಾಡ ಹಾಕಿದವನೊಬ್ಬ ಉದ್ದ ಹಿಡಿಕೆಯ ಪಾನಾದಿಂದ ಕಾಲು ಸುತ್ತು ತಿರುಗಿಸಿದ. ಮೊದಲ ಎರಡರಿಂದ ಏನೂ ಬರಲಿಲ್ಲ. ಮೂರನೆಯದು ಸುಸ್ ಎಂದು ಶುರುಮಾಡಿದ್ದು ಹತ್ತು ನಿಮಿಷ ನಿಲ್ಲಲಿಲ್ಲ. ಆ ಹತ್ತು ನಿಮಿಷ ನಾನು ಕಾಕಾನ ರೇನ್‌ಕೋಟಿನ ತೋಳು ಬಿಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಡ್ಡಿ ಇಳಿಸಿ ತೆಗೆದಾಗ ತುದಿಗೆ ಬಿಳಿ ಹೆಪ್ಪು ಹತ್ತಿತ್ತು, ನೀರು ಸೇರಿದ ಗುರುತು. ಮರುದಿನ ಸೋಮವಾರ, ಆ ಕಟ್ಟೆಯ ಮೇಲೆ ಆರು ಜನ ಬುತ್ತಿ ಬಿಚ್ಚುವವರಿದ್ದರು.

ದೇಸಾಯಿ ಸಾಹೇಬರು ಕೀಲಿಯನ್ನು ಕಾಕಾನ ಕೈಗೆ ಕೊಟ್ಟರು. ನನಗೆ, "ಎಲ್ಲಾ ಬರದು ಕೊಡ್ರಿ. ಆಮ್ಯಾಲ ನೋಡೂಣು," ಎಂದಷ್ಟೇ ಹೇಳಿ ಕಾರು ಹತ್ತಿದರು.

ನಾವಿಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.  "ಈ ಕೆಲಸ ನನ್ನ ಕೈಲೆ ಆಗೂದಿಲ್ಲ ಕಾಕಾ, ಬಿಟ್ಟಬಿಡ್ತೇನಿ," ಎಂದೆ. "ಇನ್ನ ಮ್ಯಾಲ ಡ್ರಮ್ ಕಂಡ್ರ ಸಾಕು, ಅಂಜಿಕಿ ಬರ್ತೇತಿ."

ಅವರು ಕೆಮ್ಮು ನಿಲ್ಲುವವರೆಗೆ ನಿಂತು, ಆಮೇಲೆ ಹೇಳಿದರು.

"ಬರ್ಲಿ ಬಿಡ್ರಿ ಅಕ್ಕಾರ. ಅಂಜಿಕಿ ಇಲ್ಲದ ದಿವಸನ ಅಲ್ರಿ ನೀವು ಆ ಡ್ರಮ್ ಏರಸ್ರಿ ಅಂದಿದ್ದು."